ಊಟಕ್ಕಿಲ್ಲದ ತಟ್ಟೆ

ನಮ್ಮ ಅಜ್ಜಿಯ ಅಡುಗೆಮನೆಯಲ್ಲಿ ಪಿಂಗಾಣಿಗೆ ಎರಡು ಕಾನೂನುಗಳಿದ್ದವು. ಉಪ್ಪಿನಕಾಯಿಯ ಭರಣಿ ಮಡಿ. ಅದೇ ಪಿಂಗಾಣಿಯ ತಟ್ಟೆ ಮೈಲಿಗೆ. ಭರಣಿ ಅಟ್ಟದ ಮೇಲೆ ರಾಜಮಾತೆಯ ಗತ್ತಿನಲ್ಲಿ ಕೂತಿದ್ದರೆ ತಟ್ಟೆಗೆ ಹೊಸ್ತಿಲು ದಾಟುವ ಯೋಗವಿರಲಿಲ್ಲ. ಆ ತೀರ್ಪಿಗೆ ಮೇಲ್ಮನವಿಯೂ ಇರಲಿಲ್ಲ. ಈಗ ನೋಡಿ, ತಟ್ಟೆ ಸೇಡು ತೀರಿಸಿಕೊಂಡಿದೆ. ಕಲಾವಿದರ ಕೈಯಲ್ಲಿ ಚಿತ್ರ ಬರೆಸಿಕೊಂಡು, ಸಹಿ ಹಾಕಿಸಿಕೊಂಡು, ಅಡುಗೆಮನೆಯ ಕಡೆ ತಿರುಗಿಯೂ ನೋಡದೆ ನೇರ ಹಜಾರದ ಗೋಡೆ ಏರಿದೆ. ಈಗ ಅದೇ ಮಡಿ, ನಾವು ಮುಟ್ಟುವಂತಿಲ್ಲ.

ಇಂಥ ತಟ್ಟೆ ಹುಡುಕುವವರಿಗೆ ಕೊಚ್ಚಿ ಹೇಳಿ ಮಾಡಿಸಿದ ಊರು. 2012ರಲ್ಲಿ ಕೊಚ್ಚಿ-ಮುಜಿರಿಸ್ ಬಿನಾಲೆ ಎಂಬ ಕಲಾಪ್ರದರ್ಶನ ಶುರುವಾದ ಮೇಲಂತೂ ಫೋರ್ಟ್ ಕೊಚ್ಚಿ, ಮಟ್ಟಾಂಚೇರಿಗಳ ಹಳೆಯ ಗೋದಾಮುಗಳಲ್ಲಿ ಮೆಣಸು, ಶುಂಠಿಯ ಜೊತೆಗೆ ಕಲೆಯ ಘಾಟೂ ಸೇರಿಕೊಂಡಿದೆ. ಅಲ್ಲೊಂದು ಅಂಗಡಿಯಲ್ಲಿ ಬೂದು ಬಣ್ಣದ ಅಗಲ ತಟ್ಟೆ. ನಡುವೆ ಕಡುನೀಲಿ ಗೆರೆಗಳಲ್ಲಿ ಒಂದು ಮೀನು. ಅಂಗಡಿಯವರು ಅದನ್ನು ಮಗುವನ್ನು ಮಗ್ಗುಲು ಮಾಡುವಷ್ಟು ಜೋಪಾನವಾಗಿ ಮಗುಚಿ ತಳ ತೋರಿಸಿದರು. ಅಲ್ಲಿ ಕಲಾವಿದರ ಸಹಿ, ಪಕ್ಕದಲ್ಲಿ 7/25. ಇಪ್ಪತ್ತೈದರಲ್ಲಿ ಏಳನೆಯದು ಎಂದರ್ಥ. ಬೆಲೆ ಕೇಳಿದ ಮೇಲೆ ಮೀನಿಗಿಂತ ನನ್ನ ಬಾಯೇ ದೊಡ್ಡದಾಗಿ ತೆರೆಯಿತು.

ನನ್ನಾಕೆ ಬೆರಳ ಗೆಣ್ಣಿನಿಂದ ಅಂಚನ್ನು ತಟ್ಟಿದಳು. ಟಣ್ ಎಂದಿತು, ಬಿರುಕಿಲ್ಲ. "ಇದರಲ್ಲಿ ಹುಳಿ ಬಡಿಸಬಹುದಾ?" ಎಂದಳು. ಅಂಗಡಿಯವರ ಮುಖ ಬಾಡಿತು. "ಚೇಚಿ, ಇದು ಡಿಸ್‌ಪ್ಲೇ ಪೀಸ್!"

"ಹಾಗಾದ್ರೆ ಗೋಡೆಗೆ ಹಾಕ್ಬೇಕು. ಆಗ ಸಹಿ ಗೋಡೆ ಕಡೆಗಿರುತ್ತಲ್ಲ ರೀ? ಹಲ್ಲಿ ಓದೋದಕ್ಕಾ ಇಷ್ಟು ದುಡ್ಡು?"

ಅಂಗಡಿಯವರೂ ನಾನೂ ಒಟ್ಟಿಗೇ ಛಾವಣಿ ನೋಡಿದೆವು.

ಪಿಕಾಸೋ ಮಾಡಿದ ಪಿಂಗಾಣಿ ತಟ್ಟೆಗಳು ಇಂದು ಹರಾಜಿನಲ್ಲಿ ಕಣ್ಣು ಕುಕ್ಕುವ ಬೆಲೆಗೆ ಹೋಗುತ್ತವೆ. 1946ರಲ್ಲಿ ಫ್ರಾನ್ಸಿನ ವಲ್ಲೋರಿಸ್ ಎಂಬ ಕುಂಬಾರರ ಊರಿಗೆ ಹೋದ ಮನುಷ್ಯ ಆಮೇಲೆ ವರ್ಷಗಟ್ಟಲೆ ಜೇಡಿಮಣ್ಣಿನ ಸಹವಾಸ ಬಿಡಲಿಲ್ಲ. 1957ರಲ್ಲೊಮ್ಮೆ ಮಧ್ಯಾಹ್ನದ ಊಟಕ್ಕೆ ಮೀನು ತಿಂದು, ಉಳಿದ ಮುಳ್ಳಿನ ಹಂದರವನ್ನು ಹಸಿಮಣ್ಣಿಗೆ ಒತ್ತಿ ಅದರ ಅಚ್ಚಿನಿಂದ ತಟ್ಟೆ ಅಲಂಕರಿಸಿದರು. ಅವರು ಊಟದಿಂದ ತಟ್ಟೆ ಹುಟ್ಟಿಸಿದರು. ನಾವು ತಟ್ಟೆಯಿಂದ ಊಟವನ್ನೇ ಓಡಿಸಿದೆವು. ಫೋರ್ಟ್ ಕೊಚ್ಚಿಯ ಹೋಟೆಲುಗಳಲ್ಲಿ ದಿನವೂ ಎಸೆಯುವ ಕರಿಮೀನಿನ ಮುಳ್ಳು ನೆನೆದರೆ ಎಷ್ಟು ಕಲಾಕೃತಿಗಳು ಬೆಕ್ಕಿನ ಪಾಲಾಗುತ್ತಿವೆಯೋ!

ಮಟ್ಟಾಂಚೇರಿಯ ಪರದೇಸಿ ಸಿನಗಾಗ್ 1568ರದು. ಹದಿನೆಂಟನೇ ಶತಮಾನದಲ್ಲಿ ಚೀನಾದಿಂದ ಬಂದ, ಕೈಯಲ್ಲೇ ಚಿತ್ರ ಬರೆದ ನೀಲಿ-ಬಿಳಿ ಬಿಲ್ಲೆಗಳು ಅಲ್ಲಿ ನೆಲಕ್ಕೆ ಹಾಸಿವೆ. ಚಪ್ಪಲಿ ಬಿಟ್ಟು ಎಲ್ಲರೂ ಅವುಗಳ ಮೇಲೇ ಓಡಾಡುತ್ತಾರೆ. ಇನ್ನೂರೈವತ್ತು ವರ್ಷ ತುಳಿಸಿಕೊಂಡೂ ಅವುಗಳ ಮಾನಕ್ಕೇನೂ ಕುಂದಿಲ್ಲ. ನಮ್ಮ ತಟ್ಟೆಗೆ ಮಾತ್ರ ಒಂದು ಸೌಟು ಅನ್ನ ಭಾರ.

ತಿರುವನಂತಪುರದಲ್ಲಿ ಇನ್ನೊಂದು ಪಾಠ. ಶ್ರೀಚಿತ್ರಾ ಆರ್ಟ್ ಗ್ಯಾಲರಿಯ ಸಂಗ್ರಹದಲ್ಲಿ ರವಿವರ್ಮನ ಚಿತ್ರಗಳಿವೆ. ಆತ ಹುಟ್ಟಿದ ಕಿಳಿಮಾನೂರು ಅದೇ ಜಿಲ್ಲೆ. 1894ರಲ್ಲಿ ಮುಂಬೈಯಲ್ಲಿ ಅಚ್ಚುಕೂಟ ಹಾಕಿ, ಲಕ್ಷ್ಮಿ-ಸರಸ್ವತಿಯರನ್ನು ಬಡವರ ಗೋಡೆಗೂ ತಲುಪಿಸಿದ ಪುಣ್ಯಾತ್ಮ. ಆತ ಒಂದನ್ನು ಸಾವಿರ ಮಾಡಿದ. ತಟ್ಟೆಯ ವ್ಯಾಪಾರ ಇಪ್ಪತ್ತೈದಕ್ಕೇ ನಿಲ್ಲಿಸಿ ಬೆಲೆ ಏರಿಸುತ್ತದೆ. ಊರಾಚೆ ತೋನ್ನಕ್ಕಲ್ ಕಡೆ ನೆಲ ಅಗೆದರೆ ಪಿಂಗಾಣಿಗೆ ಬೇಕಾದ ಬಿಳಿಮಣ್ಣೇ ಸಿಗುತ್ತದೆ. ಆದರೂ ಓಣಂ ಹಬ್ಬದೂಟ 'ಸದ್ಯ' ಬಡಿಸುವುದು ಬಾಳೆ ಎಲೆಗೆ. ಅದಕ್ಕೆ ಸಹಿ ಹಾಕಿಸಿ ಸಂಗ್ರಹಿಸಿದವರನ್ನು ನಾನಿನ್ನೂ ಕಂಡಿಲ್ಲ.

ಕಡೆಗೆ ನಾವು ಕೊಂಡದ್ದು ಕೊಚ್ಚಿಯ ಅದೇ ಅಂಗಡಿಯ ಮೂಲೆಯಲ್ಲಿದ್ದ 'ಸೆಕೆಂಡ್ಸ್' ರಾಶಿಯಿಂದ. ಅದೇ ಕೈಯ ಕೆಲಸ, ಅದೇ ಮೀನು; ಅಂಚಿನಲ್ಲಿ ಮೆರುಗು ಒಂದು ಹನಿ ಇಳಿದು ಗಟ್ಟಿಯಾಗಿದೆ, ಅಷ್ಟೇ. ನಂಬರಿಲ್ಲ, ಆದ್ದರಿಂದ ಬೆಲೆಯೂ ನಮ್ಮ ಕೈಗೆಟಕಿತು. ಈಗ ಮನೆಯಲ್ಲಿ ಅದರಲ್ಲೇ ತಿಂಡಿ. ಉಪ್ಪಿಟ್ಟು ಮುಗಿಯುತ್ತ ಬಂದಂತೆ ಮೊದಲು ಬಾಲ, ಆಮೇಲೆ ಹೊಟ್ಟೆ, ಕೊನೆಗೆ ಕಣ್ಣು ಕಾಣಿಸುತ್ತದೆ. ಕಣ್ಣು ಕಾಣುವವರೆಗೆ ಮಗಳು ಏಳುವುದಿಲ್ಲ.

ನೀವೂ ಕೊಳ್ಳುವುದಾದರೆ ಇಷ್ಟು ಮಾಡಿ. ಬೆರಳಿಂದ ತಟ್ಟಿ ದನಿ ಕೇಳಿ. ಮಗುಚಿ ತಳ ನೋಡಿ. ಮೆರುಗಿನಲ್ಲಿ ಸೀಸವಿದೆಯೇ ಎಂದು ನಾಚಿಕೆ ಬಿಟ್ಟು ವಿಚಾರಿಸಿ. ಸೀಸದ ಮೆರುಗಿನ ತಟ್ಟೆಗೆ ಹುಣಸೆ ಹುಳಿ ಬಿದ್ದರೆ ಆ ಸೀಸ ಊಟಕ್ಕಿಳಿಯುತ್ತದೆ. ಸೀಸವಿಲ್ಲವೆಂದು ಖಾತ್ರಿಯಾದರೆ ಮನೆಗೆ ತಂದು ಧಾರಾಳವಾಗಿ ಹುಳಿಯನ್ನ ಬಡಿಸಿ. ಗೋಡೆಗೆ ಕ್ಯಾಲೆಂಡರ್ ಸಾಕು.