ಹೂವಿನವನ ಮುಂದೆ ಇತಿಹಾಸ

ಮದುವೆ ಗಾದಿಗನೂರಿನಲ್ಲಿ, ಹೂ ಹೊಸಪೇಟೆಯಿಂದ. ನಾವು ಕೇಳಿದ್ದು ಎರಡು ಹಾರ, ನಾಲ್ಕು ಮಾರು ಮಲ್ಲಿಗೆ. ಹೂವಿನವ ಮೊಬೈಲ್ ಚಾಚಿದ: “ಈಗೆಲ್ಲ ಥಾಯ್ಲೆಂಡ್ ಆರ್ಕಿಡ್ ರೀ ಅಣ್ಣ. ಮಲ್ಲಿಗೆ ಫೋಟೋದಾಗ ಕಾಣಂಗಿಲ್ಲ.”

ಪಕ್ಕದಲ್ಲೇ ಹೂವಿನಹಡಗಲಿ ಇದೆ ಮಾರಾಯ! ಅಲ್ಲಿಯ ಮಲ್ಲಿಗೆಗೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಬೇರೆ. ವಿಜಯನಗರದ ಅರಸರ ಕಾಲದಲ್ಲಿ ಅಲ್ಲಿನ ಹೂ ತುಂಗಭದ್ರೆಯ ಮೇಲೆ ಹಂಪಿಗೆ ಬರುತ್ತಿತ್ತಂತೆ. 1443ರಲ್ಲಿ ಬಂದ ಪರ್ಷಿಯಾದ ರಾಯಭಾರಿ ಅಬ್ದುಲ್ ರಜಾಕ್, ಇಲ್ಲಿನವರಿಗೆ ಗುಲಾಬಿ ಊಟದಷ್ಟೇ ಅಗತ್ಯ ಎಂದು ಬರೆದ. ಪುಣ್ಯವಂತ, ಅವನನ್ನು ಯಾರೂ ಅಡ್ವಾನ್ಸ್ ಕೇಳಿರಲಿಕ್ಕಿಲ್ಲ.

ಇಷ್ಟನ್ನೂ ಹೂವಿನವನಿಗೆ ಹೇಳಿದೆ. ಶ್ರದ್ಧೆಯಿಂದ ಕೇಳಿಸಿಕೊಂಡ.

“ಹಂಗಾದ್ರ ಸ್ಟೇಜಿಗೆ ಹಂಪಿ ಕಲ್ಲಿನ ರಥದ ಸೆಟ್ ಹಾಕೋಣ್ರಿ, ಪೂರ್ತಿ ಗುಲಾಬೀದು. ನಲವತ್ತು ಸಾವಿರ ಅಷ್ಟೇ.”

ಅಕ್ಕ ಆಗಲೇ ತಲೆಯಾಡಿಸಿಬಿಟ್ಟಿದ್ದಳು.