ಇಂಟರ್ನ್‌ಶಿಪ್‌ಗೆ ಅಂಕ ಕೊಡುವವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ವೃತ್ತಿ ಶಿಕ್ಷಣದ ಮಕ್ಕಳನ್ನು ಗ್ಯಾರೇಜು, ಕಾರ್ಖಾನೆ, ಆಸ್ಪತ್ರೆಗಳಿಗೆ ತರಬೇತಿಗೆ ಕಳಿಸಿ, ಅದರಿಂದ ಫಲ ಸಿಕ್ಕಿತೋ ಇಲ್ಲವೋ ಎಂದು ಅಳೆಯುವ ಹೊಣೆ ನಿಮ್ಮದು. 2025ರ ಹೊತ್ತಿಗೆ ಅರ್ಧದಷ್ಟು ಮಕ್ಕಳಿಗಾದರೂ ವೃತ್ತಿ ಶಿಕ್ಷಣದ ಪರಿಚಯವಾಗಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಗುರಿ ಇಟ್ಟಿತ್ತು. ಇಷ್ಟು ಮಕ್ಕಳನ್ನು ಹೊರಗೆ ಕಳಿಸುವ ಮುಂಚೆ ದಕ್ಷಿಣ ಕೊರಿಯಾದಲ್ಲಿ ಏನಾಯಿತೆಂದು ದಯವಿಟ್ಟು ನೋಡಿ.

ಅಲ್ಲಿನ ವೃತ್ತಿಪರ ಪ್ರೌಢಶಾಲೆಗಳ ಕೊನೆಯ ವರ್ಷದ ಮಕ್ಕಳು ಕೆಲಸದ ಜಾಗಕ್ಕೇ ಹೋಗಿ ಕಲಿಯುತ್ತಾರೆ. ಎಷ್ಟು ಮಂದಿಗೆ ಕೆಲಸ ಸಿಕ್ಕಿತು ಎಂಬ ಲೆಕ್ಕದ ಮೇಲೆಯೇ ಶಾಲೆಯ ಯೋಗ್ಯತೆ ನಿರ್ಧಾರವಾಗುತ್ತಿತ್ತು. ತರಬೇತಿ ಬಿಟ್ಟು ಬಂದ ಮಗು ಆ ಲೆಕ್ಕವನ್ನು ಕೆಡಿಸುತ್ತದೆ. ಹಾಗಾಗಿ ‘ಸ್ವಲ್ಪ ತಾಳಿಕೋ’ ಎನ್ನುವ ಒತ್ತಡ ಎಲ್ಲ ಕಡೆಯಿಂದಲೂ ಮಗುವಿನ ಮೇಲೇ ಬೀಳುತ್ತಿತ್ತು.

2017ರ ಜನವರಿ. ಜೊಂಜು ನಗರದಲ್ಲಿ ಸಾಕುಪ್ರಾಣಿಗಳ ಆರೈಕೆ ಕಲಿಯುತ್ತಿದ್ದ ಹುಡುಗಿಯನ್ನು ತರಬೇತಿಗೆಂದು ಕಾಲ್ ಸೆಂಟರಿಗೆ ಕಳಿಸಿದ್ದರು. ಸಂಪರ್ಕ ಕಡಿತ ಮಾಡಿ ಎಂದು ಸಿಟ್ಟಿನಿಂದ ಕರೆ ಮಾಡುವ ಗ್ರಾಹಕರ ಮನವೊಲಿಸುವುದು ಅವಳ ಕೆಲಸ. ಅವಳು ತನ್ನ ಪ್ರಾಣವನ್ನೇ ತೆಗೆದುಕೊಂಡಳು. ಅದೇ ವರ್ಷದ ನವೆಂಬರಿನಲ್ಲಿ ಜೆಜು ದ್ವೀಪದ ನೀರಿನ ಬಾಟಲಿ ಕಾರ್ಖಾನೆಯಲ್ಲಿ ಹುಡುಗನೊಬ್ಬ ಯಂತ್ರಕ್ಕೆ ಸಿಕ್ಕಿ ಸತ್ತ. ಸರ್ಕಾರ ನಿಯಮ ಬಿಗಿ ಮಾಡಿತು. ಮಕ್ಕಳನ್ನು ತೆಗೆದುಕೊಳ್ಳುವ ಕಂಪನಿಗಳು ಕಡಿಮೆಯಾದವು. 2019ರಲ್ಲಿ ನಿಯಮ ಮತ್ತೆ ಸಡಿಲವಾಯಿತು. 2021ರ ಅಕ್ಟೋಬರಿನಲ್ಲಿ ಯೊಸು ನಗರದ ವಿದ್ಯಾರ್ಥಿಯೊಬ್ಬ ವಿಹಾರನೌಕೆಯ ತಳಕ್ಕೆ ಅಂಟಿದ ಚಿಪ್ಪು ಕೆರೆಯಲು ನೀರಿಗಿಳಿದು ಮುಳುಗಿದ. ಹದಿನೆಂಟು ತುಂಬದವರಿಂದ ನೀರೊಳಗಿನ ಕೆಲಸ ಮಾಡಿಸಬಾರದೆಂಬ ಕಾನೂನು ಅಲ್ಲಿತ್ತು. ತರಬೇತಿಯ ಯೋಜನಾ ಪತ್ರದಲ್ಲೂ ಆ ಕೆಲಸ ಇರಲಿಲ್ಲ. ಕಾಗದದಲ್ಲಿ ಇದ್ದದ್ದೇ ಬೇರೆ, ಕೆಲಸದ ಜಾಗದಲ್ಲಿ ನಡೆದದ್ದೇ ಬೇರೆ.

ಜೊಂಜುವಿನ ಹುಡುಗಿಯ ಕಥೆಯಿಂದ ಹುಟ್ಟಿದ ‘ನೆಕ್ಸ್ಟ್ ಸೊಹಿ’ ಸಿನಿಮಾ ಜನರನ್ನು ಕಲಕಿದ ಮೇಲೆ, 2023ರಲ್ಲಿ ತರಬೇತಿಯ ಮಕ್ಕಳ ರಕ್ಷಣೆಗೆಂದು ಅಲ್ಲಿನ ಸಂಸತ್ತು ಕಾನೂನನ್ನು ತಿದ್ದಿತು. ಆ ತಿದ್ದುಪಡಿಗೆ ಆರು ವರ್ಷ ಬೇಕಾಯಿತು ಎನ್ನುವುದು ನನ್ನನ್ನು ಇಂದಿಗೂ ಕಾಡುತ್ತದೆ.

ನಮ್ಮಲ್ಲೂ ಕಾನೂನಿದೆ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ಪ್ರಕಾರ ಹದಿನೆಂಟರೊಳಗಿನವರನ್ನು ಅಪಾಯದ ಕೆಲಸಕ್ಕೆ ಹಚ್ಚುವಂತಿಲ್ಲ. ಆದರೆ ಇಂಜಿನ್ ಬಿಚ್ಚಿ ಕೂಡಿಸುವುದನ್ನು ಕಲಿಯಲು ಹೋದ ಹುಡುಗ ದಿನವಿಡೀ ಕಾರು ತೊಳೆದು ಬಂದರೆ, ಮೇಲ್ವಿಚಾರಕರು ಬರೆದ ‘ತೃಪ್ತಿಕರ’ ಎಂಬ ಷರಾದಲ್ಲಿ ಅದು ಎಲ್ಲಿ ಕಾಣುತ್ತದೆ?

ಆದ್ದರಿಂದ ನಮೂನೆಯನ್ನು ಬದಲಿಸಿ. ಮಾಲೀಕರೂ ಮೇಷ್ಟ್ರೂ ಇಲ್ಲದ ಕಡೆ ಮಕ್ಕಳನ್ನು ಕೂರಿಸಿಕೊಂಡು ಕೇಳಿ: ನಿನ್ನೆ ಏನು ಮಾಡಿದೆ, ಯಾರು ಹೇಳಿಕೊಟ್ಟರು, ಎಷ್ಟು ಹೊತ್ತಿಗೆ ಮನೆಗೆ ಹೋದೆ? ಮಕ್ಕಳಿಗಿಂತ ಮುಂಚೆ ಆ ಜಾಗಕ್ಕೆ ಅಂಕ ಕೊಡಿ. ಎಲ್ಲಕ್ಕಿಂತ ಮುಖ್ಯವಾಗಿ, ‘ನನಗಿದು ಬೇಡ’ ಎಂದು ವಾಪಸು ಬಂದ ಮಗುವಿನ ಹಾಜರಾತಿ ಕಡಿಯಬೇಡಿ, ಅದರ ಶಾಲೆಯ ಅಂಕವನ್ನೂ ಇಳಿಸಬೇಡಿ. ಆ ಮಗುವಿಗೆ ಬೇರೆ ಜಾಗ ಹುಡುಕಿಕೊಡುವುದು ಇಲಾಖೆಯ ಕರ್ತವ್ಯವೆಂದು ಮುಂದಿನ ಸುತ್ತೋಲೆಯಲ್ಲೇ ಬರೆಯಿರಿ.

ಇಂತಿ,
ವೃತ್ತಿ ಶಿಕ್ಷಣದ ಒಬ್ಬ ಮೇಷ್ಟ್ರು