ನನ್ನಿಷ್ಟವಾದ: ಒಂದು ಹೊಗೆಸೊಪ್ಪಿನ ಮೀಮಾಂಸೆ

ಪೀಠಿಕೆ

ಇಂಗ್ಲಿಷಿನವರ ‘ಲಿಬರ್ಟೇರಿಯನಿಸಂ’ಗೆ ಕನ್ನಡದಲ್ಲಿ ಒಪ್ಪುವ ಹೆಸರಿಲ್ಲವೆಂದು ಪಂಡಿತರು ಕೊರಗುವುದುಂಟು. ಹುಣಸೂರಿನ ಯಾವುದಾದರೂ ಟೀ ಅಂಗಡಿಯ ಬೆಂಚಿನ ಮೇಲೆ ಅರ್ಧ ಗಂಟೆ ಕೂತಿದ್ದರೆ ಆ ಕೊರಗು ನೀಗುತ್ತಿತ್ತು. “ನಮ್ ಹೊಲ, ನಮ್ಮಿಷ್ಟ ಕಣಪ್ಪ, ನೀನ್ಯಾರು ಕೇಳಕ್ಕೆ?” ಎಂಬ ಮಹಾವಾಕ್ಯದಲ್ಲಿ ಲಾಕ್, ಮಿಲ್, ನೋಜಿಕ್ ಮೂವರೂ ಅಡಗಿದ್ದಾರೆ. ಆದಕಾರಣ ಈ ದರ್ಶನವನ್ನು ಇನ್ನು ಮುಂದೆ ‘ನನ್ನಿಷ್ಟವಾದ’ ಎಂದೇ ಕರೆಯತಕ್ಕದ್ದು.

ವಿಚಾರಕ್ಷೇತ್ರ: ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ. ಪದ್ಧತಿ: ಅಧಿಕರಣದ ಐದು ಅಂಗಗಳು. ಒಪ್ಪಿತ ಪ್ರಮಾಣಗಳು: ಪ್ರತ್ಯಕ್ಷ, ಅನುಮಾನ ಮತ್ತು ಹರಾಜು.

ವಿಷಯ

ಸ್ವಾತಂತ್ರ್ಯಕ್ಕೂ ಹೊಗೆಸೊಪ್ಪಿಗೂ ಇರುವ ನಂಟು ಇಲ್ಲಿನ ವಿಷಯ. ಇದು ಪ್ರಬಂಧಕಾರ ತಾನಾಗಿ ಕಟ್ಟಿದ ನಂಟಲ್ಲ. ನಮ್ಮ ಸೀಮೆಯ ಕೆಂಪು ಮಣ್ಣಿನಲ್ಲಿ ಬೆಳೆಯುವ ತಳಿಯ ಹೆಸರು ವರ್ಜೀನಿಯಾ. ಮನುಷ್ಯರೆಲ್ಲ ಸಮಾನರಾಗಿ ಹುಟ್ಟಿದ್ದಾರೆಂದು 1776ರಲ್ಲಿ ಘೋಷಣೆ ಬರೆದ ಥಾಮಸ್ ಜೆಫರ್‌ಸನ್ ಅದೇ ವರ್ಜೀನಿಯಾದ ಹೊಗೆಸೊಪ್ಪಿನ ಜಮೀನುದಾರ. ಅಂದರೆ ನನ್ನಿಷ್ಟವಾದವೂ ಹೊಗೆಸೊಪ್ಪೂ ಒಂದೇ ಸಸಿಮಡಿಯಲ್ಲಿ ಮೊಳೆತವು. ಜೆಫರ್‌ಸನ್ನನ ಜಮೀನಿನಲ್ಲಿ ಸೊಪ್ಪು ಮುರಿದವರು ಗುಲಾಮರು. ಈ ವಿವರವನ್ನು ಓದುಗರು ಮಡಿಲಲ್ಲಿ ಕಟ್ಟಿಟ್ಟುಕೊಳ್ಳಬೇಕು, ಕೊನೆಯಲ್ಲಿ ಬಿಚ್ಚಲಿಕ್ಕಿದೆ.

ಸಂಶಯ

ರಾಜ್ಯವೆಂಬುದು ಹೊಗೆಸೊಪ್ಪಿನ ಮಿತ್ರನೋ ಶತ್ರುವೋ? ತಂಬಾಕು ಮಂಡಳಿ ಕಾಯ್ದೆ 1975ರದ್ದು. 1976ರ ಜನವರಿ 1ರಂದು ಮಂಡಳಿ ಹುಟ್ಟಿತು. ಗುಂಟೂರಿನಲ್ಲಿ ಕೂತ ಅದು ಕರ್ನಾಟಕ ಈ ವರ್ಷ ಎಷ್ಟು ಕಿಲೋ ಬೆಳೆಯಬೇಕೆಂದು ಅಳತೆ ಹಾಕುತ್ತದೆ, ಬೆಳೆಗಾರನಿಗೆ ಲೈಸೆನ್ಸ್ ಕೊಡುತ್ತದೆ, ಕಟ್ಟೆಮಳಲವಾಡಿಯಲ್ಲೂ ಕಂಪಲಾಪುರದಲ್ಲೂ ಹರಾಜು ನಡೆಸುತ್ತದೆ. ಇದು ಒಂದು ಕೈ. ಇನ್ನೊಂದು ಕೈ 2003ರ ತಂಬಾಕು ನಿಯಂತ್ರಣ ಕಾಯ್ದೆ ಹಿಡಿದು, 2008ರ ಅಕ್ಟೋಬರ್ 2ರಿಂದ ಸಾರ್ವಜನಿಕ ಸ್ಥಳಗಳಲ್ಲಿ ಹೊಗೆ ಬಿಡುವವರಿಗೆ ದಂಡ ಹಾಕುತ್ತಿದೆ. 2025ರಲ್ಲಿ ಬಂದ ರಾಜ್ಯದ ತಿದ್ದುಪಡಿಯಂತೆ 21 ತುಂಬದವನಿಗೆ ಸಿಗರೇಟು ಮಾರುವಂತಿಲ್ಲ. ಹೀಗಾಗಿ ಪಿರಿಯಾಪಟ್ಟಣದ 19ರ ಹುಡುಗ ಸಸಿ ನಾಟಿ ಮಾಡಬಹುದು, ರಾತ್ರಿಯೆಲ್ಲ ಸೊಪ್ಪು ಬೇಯಿಸುವ ಬ್ಯಾರನ್ನಿಗೆ ಸೌದೆ ಒಟ್ಟಬಹುದು, ಸರ್ಕಾರವನ್ನೇ ಆರಿಸಬಹುದು. ತಾನು ಬೇಯಿಸಿದ್ದನ್ನು ಅಂಗಡಿಯಲ್ಲಿ ಕೊಳ್ಳಲು ಎರಡು ವರ್ಷ ಕಾಯಬೇಕು. ಬುದ್ಧನಿಗೂ ಇಷ್ಟು ವೈರಾಗ್ಯವನ್ನು ಯಾರೂ ವಿಧಿಸಿರಲಿಲ್ಲ.

ಪೂರ್ವಪಕ್ಷ

ನನ್ನಿಷ್ಟವಾದಿ ಹೇಳುತ್ತಾನೆ: “ರಾಗಿ ಬಿತ್ತಿದರೆ ಯಾರೂ ಕೇಳಲ್ಲ, ಅವರೆ ಹಾಕಿದರೆ ಯಾರೂ ಕೇಳಲ್ಲ. ನಾಲ್ಕು ಕಾಸು ಹುಟ್ಟೋ ಬೆಳೆಗೆ ಮಾತ್ರ ಲೈಸೆನ್ಸು, ಹೆಚ್ಚು ಬೆಳೆದರೆ ದಂಡ. ಇದ್ಯಾವ ನ್ಯಾಯ?” ರಾಜಾಜಿ ಇಂಥ ವ್ಯವಸ್ಥೆಯನ್ನೇ ‘ಪರ್ಮಿಟ್-ಲೈಸೆನ್ಸ್ ರಾಜ್’ ಎಂದು ಹಳಿದು 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದರು.

ಪೂರ್ವಪಕ್ಷಕ್ಕೆ ಶಾಸ್ತ್ರಾಧಾರವೂ ಉಂಟು. 1974ರಲ್ಲಿ ಅಮೆರಿಕದ ರಾಬರ್ಟ್ ನೋಜಿಕ್, ಕಳ್ಳರಿಂದ ಕಾಯುವುದನ್ನೂ ಕರಾರು ನಡೆಸಿಕೊಡುವುದನ್ನೂ ಬಿಟ್ಟು ರಾಜ್ಯಕ್ಕೆ ಬೇರೆ ಕೆಲಸವಿಲ್ಲವೆಂದು ದಪ್ಪ ಗ್ರಂಥ ಬರೆದ. ಬೆವರು ಬೆರೆಸಿದ ನೆಲ ಬೆವರು ಸುರಿಸಿದವನದು ಎಂಬ ಲಾಕ್‌ನ ಮಾತನ್ನು ಅದರಲ್ಲಿ ಕೆದಕಿ, ‘ಸಮುದ್ರಕ್ಕೆ ಒಂದು ಡಬ್ಬಿ ಟೊಮೇಟೊ ರಸ ಸುರಿದರೆ ಸಮುದ್ರ ನನ್ನದಾಗುತ್ತದೆಯೇ?’ ಎಂದು ತಲೆ ಕೆರೆದುಕೊಂಡ. ಅದೇ 1974ರ ಮಾರ್ಚ್ 1ರಿಂದ, ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ದೇವರಾಜ ಅರಸು ಭೂಸುಧಾರಣಾ ತಿದ್ದುಪಡಿ ಜಾರಿಗೆ ತಂದು ಉಳುವವನನ್ನೇ ಹೊಲದೊಡೆಯನನ್ನಾಗಿ ಮಾಡಿದರು. ಗೇಣಿದಾರ ಸುರಿದದ್ದು ಟೊಮೇಟೊ ರಸವಲ್ಲವಾದ್ದರಿಂದ ಅರಸರಿಗೆ ತಲೆ ಕೆರೆದುಕೊಳ್ಳುವ ಪ್ರಸಂಗ ಬರಲಿಲ್ಲ. ಸೋಜಿಗವೆಂದರೆ, ಲಾಕ್‌ನ ಮಾತನ್ನು ನಡೆಸಿಕೊಟ್ಟದ್ದು ಸರ್ಕಾರದ ಕಾಯ್ದೆ. ಇಂದು “ನಮ್ ಹೊಲ” ಎನ್ನುವವರಲ್ಲಿ ಎಷ್ಟೋ ಜನರ ‘ನಮ್’ ಬಂದದ್ದು ಭೂ ನ್ಯಾಯಮಂಡಳಿಯ ಆದೇಶದಿಂದ.

ಉತ್ತರಪಕ್ಷ

ಒಂದನೆಯ ಖಂಡನೆ, ಋತುಭೇದ. ಮೇ ತಿಂಗಳ ನಾಟಿಯಲ್ಲಿ ನನ್ನಿಷ್ಟವಾದಿಯಾಗಿದ್ದವನು ಹರಾಜಿನ ಹೊತ್ತಿಗೆ ಸಮಾಜವಾದಿ. ದರ ಬಿದ್ದ ದಿನ ಹರಾಜು ನಿಲ್ಲಿಸಿ ಅವನು ಕೂಗುವುದು “ಸರ್ಕಾರ ಸತ್ತೋಗೈತಾ?” ಎಂದು. ನೋಜಿಕ್‌ನ ಪ್ರಕಾರ ಕಾವಲು, ಕರಾರು ಬಿಟ್ಟು ಉಳಿದುದಕ್ಕೆಲ್ಲ ಮಲಗಿರಬೇಕಿದ್ದ ಸರ್ಕಾರವನ್ನು ನೋಜಿಕ್‌ನ ಶಿಷ್ಯನೇ ಎಬ್ಬಿಸುತ್ತಿದ್ದಾನೆ.

ಎರಡನೆಯದು, ನಾಲಾನ್ಯಾಯ. ಕೆ.ಆರ್. ನಗರದ ಭತ್ತದ ಬಯಲಿನಲ್ಲಿ ನಾಲೆಯ ಮೇಲ್ಭಾಗದವನ ಸ್ವಾತಂತ್ರ್ಯ ಕೊನೇ ಭಾಗದವನ ಒಣಗದ್ದೆ. ಪರರಿಗೆ ಕೇಡಾಗುವ ಕಡೆ ನಿನ್ನ ಇಷ್ಟ ಮುಗಿಯಿತು ಎಂದು ಮಿಲ್ 1859ರಲ್ಲಿ ಬರೆದ; ನೀರುಗಂಟಿಗೆ ಅದು ಓದದೆಯೇ ಗೊತ್ತು.

ಮೂರನೆಯದು, ಗಜನ್ಯಾಯ. ಎಚ್.ಡಿ. ಕೋಟೆಯ ಕಾಡಂಚಿನ ಆನೆಯಷ್ಟು ಶುದ್ಧ ನನ್ನಿಷ್ಟವಾದಿ ಲೋಕದಲ್ಲಿಲ್ಲ: ಲೈಸೆನ್ಸಿಲ್ಲ, ಕಂದಾಯವಿಲ್ಲ, ಬೇಲಿಯಲ್ಲಿ ನಂಬಿಕೆಯಿಲ್ಲ. ಅದು ರಾಗಿ ಹೊಲಕ್ಕೆ ಇಳಿದ ರಾತ್ರಿ ರೈತನಿಗೆ ಅನ್ಯರ ಸ್ವಾತಂತ್ರ್ಯದ ಮಿತಿಗಳು ತಟ್ಟನೆ ಹೊಳೆಯುತ್ತವೆ. ಸರ್ಕಾರಿ ಚಾಕರಿ ಒಪ್ಪಿಕೊಂಡ ಆನೆಗಳನ್ನು ಮಾತ್ರ ನಾವು ವೀರನಹೊಸಹಳ್ಳಿಯಿಂದ ಪೂಜೆ ಮಾಡಿ ದಸರಾಗೆ ಕಳಿಸುತ್ತೇವೆ.

ನಾಲ್ಕನೆಯದು, ಗುರುವಿನ ಆಚಾರ. ಪರ್ಮಿಟ್ಟನ್ನು ಹಳಿದ ಅದೇ ರಾಜಾಜಿ 1937ರಲ್ಲಿ ಸೇಲಂ ಜಿಲ್ಲೆಯಲ್ಲಿ ಪಾನನಿಷೇಧ ತಂದವರು. ಪ್ರತಿ ನನ್ನಿಷ್ಟವಾದಿಯೊಳಗೂ ಪಕ್ಕದವನಿಗಾಗಿ ಕಾದಿಟ್ಟ ಒಂದು ನಿಷೇಧ ಇದ್ದೇ ಇರುತ್ತದೆ.

ನಿರ್ಣಯ

ಈಗ ಮಡಿಲ ಗಂಟು ಬಿಚ್ಚೋಣ: ಜೆಫರ್‌ಸನ್ನನ ಸೊಪ್ಪು ಮುರಿದ ಗುಲಾಮರಂತೆ ನಮ್ಮಲ್ಲೂ ಮಾತಿಗೆ ಬಾರದ ಕೈಗಳಿವೆ. ಪೂರ್ವಪಕ್ಷದಲ್ಲಿ ರೈತ ಮಾತಾಡಿದ, ಉತ್ತರಪಕ್ಷದಲ್ಲಿ ಸರ್ಕಾರ, ನೀರುಗಂಟಿ, ಆನೆ. ಇಷ್ಟೂ ಹೊತ್ತು ಬ್ಯಾರನ್ನಿನ ಮುಂದೆ ಕೂತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದ ಹೆಂಗಸರನ್ನು ಯಾರೂ ಏನೂ ಕೇಳಲಿಲ್ಲ. ಈ ಪ್ರಬಂಧಕಾರನೂ ಕೇಳಲಿಲ್ಲ, ಪ್ರಮಾಣ ಹುಡುಕುವುದರಲ್ಲಿದ್ದ. ಒದ್ದೆ ಸೊಪ್ಪಿನ ನಿಕೋಟಿನ್ ಚರ್ಮದಿಂದಲೇ ಮೈಗಿಳಿಯುತ್ತದೆ. ತಲೆಸುತ್ತು, ವಾಂತಿ ಬರುತ್ತದೆ. ಒಂದು ಸಿಗರೇಟೂ ಸೇದದವಳಿಗೆ ಹೊಗೆಯಿಲ್ಲದೆ ಸಿಗುವ ಹೊಗೆಸೊಪ್ಪು ಇದು. ಸಿಗರೇಟಿನ ಪ್ಯಾಕಿನ ಮೇಲೆ ಶೇಕಡ 85ರಷ್ಟು ಎಚ್ಚರಿಕೆಯ ಚಿತ್ರವಿದೆ. ಸೊಪ್ಪಿನ ಕಟ್ಟಿನ ಮೇಲೆ ಒಂದಕ್ಷರವಿಲ್ಲ.

ಆದ್ದರಿಂದ ಸಿದ್ಧಾಂತ: ‘ನನ್ನಿಷ್ಟ’ ಎನ್ನುವ ಮುಂಚೆ ಆ ಇಷ್ಟವನ್ನು ಯಾರ ಕೈ ನಡೆಸಿಕೊಡುತ್ತಿದೆ ಎಂದು ತಿರುಗಿ ನೋಡತಕ್ಕದ್ದು. ಸ್ವಾತಂತ್ರ್ಯದ ಮೇರೆಯನ್ನು ಅಳೆಯಬೇಕಾದದ್ದು ಮಂಡಳಿಯ ಗೇಟಿನಿಂದಲ್ಲ, ಅಂಟಿನಿಂದ ಕಪ್ಪಾದ ಆ ಬೆರಳುಗಳಿಂದ.

ಹರಾಜಿಗೆ ಬಂದ ಪ್ರತಿ ಸೊಪ್ಪಿನ ಮೂಟೆಗೂ ಒಂದು ಲೆಕ್ಕವುಂಟು: ಬೆಳೆಗಾರ ಯಾರು, ತೂಕ ಎಷ್ಟು, ದರ್ಜೆ ಯಾವುದು, ಕೂಗಿದ ದರ ಎಷ್ಟು. ಕಟ್ಟಿದವಳ ಹೆಸರಿಗೆ ಆ ಲೆಕ್ಕದಲ್ಲಿ ಜಾಗವಿಲ್ಲ.